ಕಂಪ್ಯೂಟರ್ ಯಾರಿಗಾಗಿ ಕಾಯುತ್ತಿದೆ?

ಕಂಪ್ಯೂಟರ್ ಆನ್ ಆದೊಡನೆ ಡೆಸ್ಕ್‌ಟಾಪ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ರಿಫ್ರೆಶ್’ ಎಂದು ಐದಾರು ಸಲ ಕುಟ್ಟುವ ಅಭ್ಯಾಸ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಪಂಚಾಯಿತಿ ಕಚೇರಿಯಲ್ಲೂ ಅದನ್ನು ನೋಡಬಹುದು, ಐ.ಟಿ. ಕಂಪನಿಯ ಹತ್ತನೇ ಮಹಡಿಯಲ್ಲೂ ನೋಡಬಹುದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಕಂಪ್ಯೂಟರ್ ತರಗತಿಗೆ ಸೇರಿದ ವಾರದೊಳಗೆ ಎಲ್ಲರ ಕೈಗೂ ಬಂದಿರುತ್ತದೆ. ಆ ಆಜ್ಞೆ ಮಾಡುವ ಕೆಲಸ ಇಷ್ಟೇ: ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಏನೇನಿದೆಯೆಂದು ಇನ್ನೊಮ್ಮೆ ನೋಡಿ, ಐಕಾನ್‌ಗಳನ್ನು ಪರದೆಯ ಮೇಲೆ ಮತ್ತೆ ಬಿಡಿಸುವುದು. ಅದರಿಂದ ಮೆಮೊರಿ ಖಾಲಿಯಾಗುವುದಿಲ್ಲ, ಪ್ರೊಸೆಸರ್ ಚುರುಕಾಗುವುದಿಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಯಂತ್ರಕ್ಕೆ ಇನ್ನೊಂದು ಚೂರು ಕೆಲಸ ಹಚ್ಚಿದಂತಾಗುತ್ತದೆ.

ಇದರ ಬೆನ್ನಿಗೇ ಬರುವುದು ‘ರನ್’ ಪೆಟ್ಟಿಗೆ ತೆರೆದು ಟೆಂಪ್, ಪ್ರೀಫೆಚ್ ಎಂದು ಟೈಪ್ ಮಾಡಿ, ಕಂಡ ಫೈಲುಗಳನ್ನೆಲ್ಲ ಅಳಿಸುವ ಚಿಕಿತ್ಸೆ. ಟೆಂಪ್ ಫೈಲುಗಳನ್ನು ತೆಗೆದರೆ ಜಾಗವೇನೋ ಸಿಗುತ್ತದೆ. ಸಿ ಡ್ರೈವ್ ಕಂಠಮಟ್ಟ ತುಂಬಿದ್ದರೆ ಅದು ಉಪಯೋಗಕ್ಕೂ ಬರುತ್ತದೆ. ಪ್ರೀಫೆಚ್ ವಿಷಯ ಹಾಗಲ್ಲ. ವಿಂಡೋಸ್ ಎಕ್ಸ್‌ಪಿ ಬಂದ 2001ರಿಂದ, ಒಂದು ಪ್ರೋಗ್ರಾಂ ಶುರುವಾಗುವ ಮೊದಲ ಕೆಲವು ಸೆಕೆಂಡುಗಳಲ್ಲಿ ಯಾವ ಫೈಲಿನ ಯಾವ ಭಾಗ ಬೇಕಾಯಿತೆಂಬುದನ್ನು ವಿಂಡೋಸ್ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪ್ರೋಗ್ರಾಂ ತೆರೆದಾಗ ಅವನ್ನೆಲ್ಲ ಕೇಳುವ ಮೊದಲೇ, ಡಿಸ್ಕಿಗೆ ಅನುಕೂಲವಾದ ಕ್ರಮದಲ್ಲಿ ತರಿಸಿಕೊಳ್ಳುತ್ತದೆ. ವೇಗಕ್ಕೆಂದೇ ಮಾಡಿಕೊಂಡ ಆ ಟಿಪ್ಪಣಿಗಳನ್ನು ವೇಗದ ಆಸೆಯಿಂದ ನಾವೇ ಅಳಿಸುತ್ತೇವೆ. ಮರುದಿನ ಪ್ರೋಗ್ರಾಂ ಇನ್ನಷ್ಟು ತಡವಾಗಿ ತೆರೆದುಕೊಳ್ಳುತ್ತದೆ; ಮತ್ತೆ ಅಳಿಸುತ್ತೇವೆ.

ಈ ಉಪಚಾರಗಳು ಕೈಕೊಡುವುದಕ್ಕೆ ಕಾರಣ ಒಂದೇ. ಯಂತ್ರ ನಿಧಾನವಾದಾಗ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಯಾರೂ ನೋಡಿರುವುದಿಲ್ಲ. ನೋಡಿದರೆ ಮೊದಲು ಆಶ್ಚರ್ಯವಾಗುವುದು ಇದಕ್ಕೆ: ಹ್ಯಾಂಗ್ ಆಗಿದೆ ಎಂದು ನಾವು ಬೈದುಕೊಳ್ಳುವ ಹೊತ್ತಿನಲ್ಲಿ ಪ್ರೊಸೆಸರ್ ಬಹುಪಾಲು ಸಲ ಸುಮ್ಮನೆ ಕೂತಿರುತ್ತದೆ. ಅದು ಯಾವುದಕ್ಕೋ ಕಾಯುತ್ತಿರುತ್ತದೆ. ಯಾವುದಕ್ಕೆ ಎಂದು ಕಂಡುಹಿಡಿದರೆ ರಿಪೇರಿಯ ಮುಕ್ಕಾಲು ಪಾಲು ಮುಗಿದಂತೆ.

ಕಾಯುವುದೆಂದರೆ ಎಷ್ಟು? 3 ಗಿಗಾಹರ್ಟ್ಸ್ ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ 300 ಕೋಟಿ ಹೆಜ್ಜೆ ಇಡುತ್ತದೆ. ಈ ವೇಗ ನಮ್ಮ ಮನಸ್ಸಿಗೆ ಹಿಡಿಯುವುದಿಲ್ಲವಾದ್ದರಿಂದ, ಒಂದು ಹೆಜ್ಜೆಗೆ ಒಂದು ಸೆಕೆಂಡ್ ತೆಗೆದುಕೊಳ್ಳುವ ಗುಮಾಸ್ತರೊಬ್ಬರು ಒಳಗೆ ಕೂತಿದ್ದಾರೆಂದು ಭಾವಿಸೋಣ. ಮೇಜಿನ ಮೇಲಿರುವ ಕಾಗದ, ಅಂದರೆ ಪ್ರೊಸೆಸರ್‌ನೊಳಗಿನ ಕ್ಯಾಶ್ ಮೆಮೊರಿಯಲ್ಲಿರುವ ಮಾಹಿತಿ, ಮೂರು ನಾಲ್ಕು ಸೆಕೆಂಡಿನಲ್ಲಿ ಕೈಗೆ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ರ‍್ಯಾಮ್‌ನಿಂದ ತರಿಸಬೇಕು. ಅದಕ್ಕೆ ನಿಜವಾದ ಲೆಕ್ಕದಲ್ಲಿ ಸುಮಾರು 100 ನ್ಯಾನೊಸೆಕೆಂಡ್, ಗುಮಾಸ್ತರ ಗಡಿಯಾರದಲ್ಲಿ ಐದು ನಿಮಿಷ. ಎಸ್‌ಎಸ್‌ಡಿಯಿಂದ ಬರಬೇಕಾದರೆ ಹತ್ತಿರ ಹತ್ತಿರ 0.1 ಮಿಲಿಸೆಕೆಂಡ್, ಅಂದರೆ ಮೂರೂವರೆ ದಿನ. ಹಳೆಯ ಹಾರ್ಡ್ ಡಿಸ್ಕಿನಿಂದ ಬರಬೇಕೆಂದರೆ ಸುಮಾರು 12 ಮಿಲಿಸೆಕೆಂಡ್. ಗುಮಾಸ್ತರಿಗೆ ಅದು ಒಂದು ವರ್ಷದ ಮೇಲೆ ಒಂದೂವರೆ ತಿಂಗಳು. ಒಂದು ಕಡತಕ್ಕೆ! ಸರ್ಕಾರಿ ಕಚೇರಿಗೆ ಅಲೆದವರಿಗೆ ಇದೇನೂ ಹೊಸದಲ್ಲ, ಆದರೆ ಇಲ್ಲಿ ಗುಮಾಸ್ತರದು ತಪ್ಪಿಲ್ಲ.

ಆ 12 ಮಿಲಿಸೆಕೆಂಡ್ ಎಲ್ಲಿಂದ ಬಂತು? ಹಾರ್ಡ್ ಡಿಸ್ಕಿನಲ್ಲಿ ಅಯಸ್ಕಾಂತೀಯ ಲೇಪನವಿರುವ ತಟ್ಟೆಗಳು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಸಾವಿರ ಪಾಲು ಕಡಿಮೆ ಅಂತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ತಲೆ ಮೊದಲು ಸರಿಯಾದ ವರ್ತುಲಕ್ಕೆ ಸರಿಯಬೇಕು. ಆಮೇಲೆ, ಬೇಕಾದ ಜಾಗ ತಿರುಗುತ್ತ ತಿರುಗುತ್ತ ತನ್ನ ಕೆಳಗೆ ಬರುವ ತನಕ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ಹಾಕುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಸರಾಸರಿ ಅರ್ಧ ಸುತ್ತು ಕಾದರೂ 4.2. ಲ್ಯಾಪ್‌ಟಾಪ್‌ಗಳಿಗೆ ಹಾಕುತ್ತಿದ್ದ 5,400 ಸುತ್ತಿನ ಡಿಸ್ಕಿನಲ್ಲಿ ಇದು 5.6. ತಲೆ ಸರಿಯುವುದಕ್ಕೆ ಇನ್ನೊಂದು ಎಂಟು ಹತ್ತು ಮಿಲಿಸೆಕೆಂಡ್ ಸೇರಿಸಿ. ಲೋಹದ ತೋಳನ್ನು ಇದಕ್ಕಿಂತ ಬೇಗ ಅತ್ತಿತ್ತ ಎಳೆದಾಡುವುದು ಕಷ್ಟ. ಅದು ಎಲೆಕ್ಟ್ರಾನಿಕ್ಸ್‌ನ ಕಷ್ಟವಲ್ಲ, ಚಲನೆಯ ನಿಯಮಗಳ ಕಷ್ಟ. ಐ.ಬಿ.ಎಂ. 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಒಂದು ಮಾಹಿತಿ ಹುಡುಕಲು ತೆಗೆದುಕೊಳ್ಳುತ್ತಿದ್ದುದು ಸುಮಾರು 600 ಮಿಲಿಸೆಕೆಂಡ್. ಅಲ್ಲಿಂದೀಚೆಗೆ ಡಿಸ್ಕಿನ ಒಡಲು ಲಕ್ಷ ಲಕ್ಷ ಪಟ್ಟು ಹಿಗ್ಗಿತು, ಹುಡುಕಾಟದ ವೇಗ ಮಾತ್ರ ಐವತ್ತು ಪಟ್ಟಿನ ಆಸುಪಾಸಿನಲ್ಲೇ ನಿಂತಿತು.

ಒಂದೇ ದೊಡ್ಡ ಸಿನಿಮಾ ಫೈಲನ್ನು ನಕಲು ಮಾಡುವಾಗ ಇದು ಗೊತ್ತಾಗುವುದಿಲ್ಲ. ತಲೆ ಒಂದು ಕಡೆ ಕೂತು ಸತತವಾಗಿ ಓದುತ್ತದೆ, ಸೆಕೆಂಡಿಗೆ 100–150 ಮೆಗಾಬೈಟ್ ಸಲೀಸಾಗಿ ಬರುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದು ಡಿಸ್ಕಿನ ತುಂಬ ಚದುರಿಹೋದ ಸಾವಿರಾರು ಚೂರುಗಳು. ಒಂದೊಂದಕ್ಕೂ 12 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಸಿಗುವುದು ಎಂಬತ್ತು ಚಿಲ್ಲರೆ ಚೂರು. ಚೂರೊಂದು 4 ಕಿಲೊಬೈಟ್ ಎಂದಿಟ್ಟುಕೊಂಡರೆ, ಅದೇ ಡಿಸ್ಕ್ ಈಗ ಸೆಕೆಂಡಿಗೆ ಮೆಗಾಬೈಟಿನ ಮೂರನೇ ಒಂದು ಪಾಲನ್ನಷ್ಟೇ ಕೊಡುತ್ತಿದೆ. ಬೆಳಿಗ್ಗೆ ಕಚೇರಿಗೆ ಬಂದು ಕಂಪ್ಯೂಟರ್ ಆನ್ ಮಾಡಿ, ಕಾಫಿ ಕುಡಿದು ವಾಪಸು ಬಂದರೂ ಸುತ್ತುತ್ತಲೇ ಇರುವ ಚಕ್ರದ ಹಿಂದಿನ ಗಣಿತ ಇದು.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ತೋಳಿಲ್ಲ. ತೋಷಿಬಾದಲ್ಲಿದ್ದ ಫುಜಿಯೊ ಮಸುವೋಕ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿಗೆ ತೋರಿಸಿದರು. ಇಂದಿನ ಎಸ್‌ಎಸ್‌ಡಿಗಳ ಒಳಗಿರುವ ನ್ಯಾಂಡ್ ಎಂಬ ಬಗೆಯನ್ನು 1987ರಲ್ಲಿ. ಸುತ್ತಲೂ ನಿರೋಧಕ ಪದರವಿರುವ ಪುಟ್ಟ ಗೂಡಿನಲ್ಲಿ ಎಲೆಕ್ಟ್ರಾನುಗಳನ್ನು ಸಿಕ್ಕಿಸಿಡುವುದೇ ಇದರ ತಂತ್ರ. ವಿದ್ಯುತ್ ತೆಗೆದರೂ ಅವು ಅಲ್ಲೇ ಉಳಿಯುತ್ತವೆ. ಮಾಹಿತಿ ಯಾವ ಮೂಲೆಯಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಸಿಗುವುದರಿಂದ, ಚದುರಿದ ಚೂರುಗಳ ಭಯ ಇಲ್ಲಿಲ್ಲ. ಹಾಗಾಗಿ ಎಸ್‌ಎಸ್‌ಡಿಗೆ ‘ಡಿಫ್ರ್ಯಾಗ್’ ಮಾಡಿಸುವುದು ನಿರರ್ಥಕ. ಫ್ಲ್ಯಾಶ್ ಗೂಡುಗಳು ಬರೆದಷ್ಟೂ ಸವೆಯುವುದರಿಂದ ಒಂದಿಷ್ಟು ಆಯುಸ್ಸೂ ಕಡಿಮೆಯಾಗುತ್ತದೆ.

ಹಳೆಯ ಕಂಪ್ಯೂಟರಿಗೆ ಹಣ ಹಾಕುವುದಾದರೆ ಮೊದಲು ಎಲ್ಲಿ ಹಾಕಬೇಕೆಂಬ ಪ್ರಶ್ನೆಗೆ 1967ರಲ್ಲಿ ಜೀನ್ ಅಮ್ಡಾಲ್ ಮುಂದಿಟ್ಟ ವಾದದಲ್ಲಿ ಉತ್ತರವಿದೆ. ಒಂದು ಕೆಲಸದ ಯಾವ ಭಾಗವನ್ನು ಎಷ್ಟೇ ವೇಗಗೊಳಿಸಿದರೂ, ಒಟ್ಟು ಲಾಭ ಆ ಭಾಗ ತಿನ್ನುತ್ತಿದ್ದ ಸಮಯವನ್ನು ಮೀರಲಾರದು. ಕೇಳಲು ಸರಳ, ಅಂಗಡಿಯಲ್ಲಿ ನಿಂತಾಗ ಮರೆತುಹೋಗುತ್ತದೆ. ಕಂಪ್ಯೂಟರ್ ಶುರುವಾಗಿ ಕೆಲಸಕ್ಕೆ ಸಿದ್ಧವಾಗಲು 100 ಸೆಕೆಂಡ್ ಬೇಕು, ಅದರಲ್ಲಿ 90 ಡಿಸ್ಕಿಗಾಗಿ ಕಾಯುವುದರಲ್ಲೇ ಹೋಗುತ್ತದೆ ಎಂದುಕೊಳ್ಳಿ. ದುಪ್ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ 95 ಸೆಕೆಂಡ್ ಆಗುತ್ತದೆ. ಅದನ್ನು ಬಿಟ್ಟು ಹತ್ತು ಪಟ್ಟು ವೇಗದ ಡಿಸ್ಕ್ ಹಾಕಿದರೆ 19. ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಸಾಟಾ ಕೇಬಲ್ಲಿನ ಸಾಮಾನ್ಯ ಎಸ್‌ಎಸ್‌ಡಿ ಸೆಕೆಂಡಿಗೆ 550 ಮೆಗಾಬೈಟಿನ ಹತ್ತಿರ ನಿಲ್ಲುತ್ತದೆ, ಹೊಸ ಎನ್‌ವಿಎಂಇ ಬಗೆಯವು 3,500, 7,000 ಎಂದು ಓಡುತ್ತವೆ. ಪೆಟ್ಟಿಗೆಯ ಮೇಲಿನ ಆ ಅಂಕಿ ನೋಡಿ ಮರುಳಾಗಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ಡಿಸ್ಕಿನ ಪಾಲು ಆಗಲೇ 9 ಸೆಕೆಂಡಿಗೆ ಇಳಿದಿದೆ. ಅದನ್ನು ಇನ್ನೂ ಐದು ಪಟ್ಟು ಚುರುಕುಗೊಳಿಸಿದರೆ ಉಳಿತಾಯವಾಗುವುದು ಏಳು ಸೆಕೆಂಡ್. ಮೊದಲ ಬದಲಾವಣೆ ಉಳಿಸಿದ್ದು 81. ವಿಡಿಯೊ ಸಂಕಲನ ಮಾಡುವವರಿಗೆ ಎನ್‌ವಿಎಂಇ ಬೇಕು. ಪತ್ರ ಬರೆಯುವ, ಜಿ.ಎಸ್.ಟಿ. ತುಂಬುವ, ಮಕ್ಕಳ ಪಾಠ ನೋಡುವ ಮನೆಗೆ ಸಾಮಾನ್ಯ ಎಸ್‌ಎಸ್‌ಡಿಯೇ ದೊಡ್ಡ ಜಿಗಿತ.

ಎಸ್‌ಎಸ್‌ಡಿ ಹಾಕಿಸಿದ ಮೇಲೂ ಒಂದೆರಡು ವರ್ಷಕ್ಕೆ ‘ಇದೂ ಸ್ಲೋ ಆಯಿತು’ ಎನ್ನುವವರಿದ್ದಾರೆ. ಅವರ ಡ್ರೈವ್ ತುಂಬಿದೆಯೇ ಎಂದು ನೋಡಬೇಕು. ಫ್ಲ್ಯಾಶ್‌ನಲ್ಲಿ ಒಂದು ವಿಚಿತ್ರ ನಿಯಮವಿದೆ: ಬರೆಯುವುದು ಸಣ್ಣ ಪುಟಗಳಲ್ಲಿ, ಅಳಿಸುವುದು ನೂರಾರು ಪುಟಗಳ ದೊಡ್ಡ ಕಟ್ಟುಗಳಲ್ಲಿ. ಒಂದು ಪುಟ ತಿದ್ದಬೇಕಾದರೆ ಡ್ರೈವ್ ಹಳೆಯದನ್ನು ಮುಟ್ಟದೆ ಹೊಸ ಪುಟದಲ್ಲಿ ಬರೆದು, ಬಿಡುವಾದಾಗ ಹಳೆಯ ಕಟ್ಟುಗಳನ್ನು ಜಾಲಾಡಿ ಬೇಕಾದ್ದನ್ನು ಬೇರೆಡೆಗೆ ಸರಿಸಿ ಖಾಲಿ ಮಾಡುತ್ತದೆ. ಯಾವ ಫೈಲನ್ನು ನಾವು ಅಳಿಸಿದ್ದೇವೆ ಎಂಬುದನ್ನು ಡ್ರೈವಿಗೆ ತಿಳಿಸುವ ‘ಟ್ರಿಮ್’ ಎಂಬ ಆಜ್ಞೆ 2009ರ ವಿಂಡೋಸ್ 7ರಿಂದ ತಾನಾಗಿಯೇ ನಡೆಯುತ್ತದೆ. ಜಾಗ ಪೂರ್ತಿ ತುಂಬಿದಾಗ ಈ ಹೊಂದಾಣಿಕೆಗೆ ಎಡೆಯೇ ಸಿಗದೆ ಪ್ರತಿ ಬರವಣಿಗೆಯೂ ಎಡವುತ್ತದೆ. ಹತ್ತರಲ್ಲಿ ಒಂದೆರಡು ಪಾಲು ಖಾಲಿ ಬಿಟ್ಟರೆ ಈ ತೊಂದರೆ ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ವಿಡಿಯೊಗಳೆಲ್ಲ ಸಿ ಡ್ರೈವಿನಲ್ಲೇ ಇರಬೇಕಿಲ್ಲ.

ಡಿಸ್ಕಿನ ನಂತರ ಕಾಯಿಸುವುದು ರ‍್ಯಾಮ್, ಅಥವಾ ಸರಿಯಾಗಿ ಹೇಳುವುದಾದರೆ ರ‍್ಯಾಮ್‌ನ ಕೊರತೆ. ಇದರ ಕಥೆ ಹಳೆಯದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಕಟ್ಟಿದ ಅಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿತು. ಅದರ ವೇಗದ ಮೆಮೊರಿ ಚಿಕ್ಕದು, ಪಕ್ಕದಲ್ಲಿ ತಿರುಗುತ್ತಿದ್ದ ಅಯಸ್ಕಾಂತೀಯ ಡ್ರಮ್ ದೊಡ್ಡದು ಆದರೆ ನಿಧಾನ. ಎರಡೂ ಸೇರಿ ಒಂದೇ ದೊಡ್ಡ ಮೆಮೊರಿ ಎಂಬಂತೆ ಪ್ರೋಗ್ರಾಮಿಗೆ ಕಾಣುವ ಹಾಗೆ ಅವರು ಮಾಡಿದರು. ಬೇಕಾದ ಪುಟ ಒಳಗೆ, ಸದ್ಯಕ್ಕೆ ಬೇಡದ ಪುಟ ಹೊರಗೆ. ಯಾವುದು ಬೇಡ ಎಂಬುದನ್ನು ಯಂತ್ರವೇ ಊಹಿಸುತ್ತಿತ್ತು. ಇಂದು ನಮ್ಮ ಮೇಜಿನ ಮೇಲಿರುವ ಪ್ರತಿ ಕಂಪ್ಯೂಟರಿನಲ್ಲೂ ಇದೇ ಏರ್ಪಾಡು. 4 ಜಿ.ಬಿ. ರ‍್ಯಾಮ್ ಇರುವ ಯಂತ್ರದಲ್ಲಿ 6 ಜಿ.ಬಿ. ಬೇಡುವ ಕೆಲಸ ತೆರೆದರೂ ‘ಆಗದು’ ಎಂಬ ಉತ್ತರ ಬರುವುದಿಲ್ಲ. ಒಂದಿಷ್ಟು ಪುಟಗಳು ಸದ್ದಿಲ್ಲದೆ ಡಿಸ್ಕಿಗೆ ಹೋಗಿ ಕೂರುತ್ತವೆ.

ಈ ಔದಾರ್ಯಕ್ಕೊಂದು ಎಲ್ಲೆಯಿದೆ, ಅದನ್ನು 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದರು. ಪ್ರತಿ ಪ್ರೋಗ್ರಾಮಿಗೂ ಆ ಗಳಿಗೆಯಲ್ಲಿ ನಿಜಕ್ಕೂ ಬೇಕಾದ ಪುಟಗಳ ಒಂದು ಗುಂಪಿರುತ್ತದೆ. ಎಲ್ಲ ಗುಂಪುಗಳೂ ರ‍್ಯಾಮ್‌ನಲ್ಲಿ ಹಿಡಿಸುವವರೆಗೆ ಏನೂ ತೊಂದರೆಯಿಲ್ಲ. ಹಿಡಿಸದ ಕ್ಷಣದಿಂದ, ಒಂದು ಪುಟ ತರಲು ಇನ್ನೊಂದನ್ನು ಹೊರಹಾಕಬೇಕು. ಹೊರಹಾಕಿದ್ದೇ ಮರುಕ್ಷಣ ಬೇಕಾಗುತ್ತದೆ. ಅದನ್ನು ತರಲು ಮತ್ತೊಂದು ಹೊರಗೆ. ಯಂತ್ರ ತನ್ನ ಹೊತ್ತನ್ನೆಲ್ಲ ಪುಟ ಸಾಗಿಸುವುದರಲ್ಲೇ ಕಳೆಯುತ್ತದೆ. ಇದಕ್ಕೆ ‘ಥ್ರ್ಯಾಶಿಂಗ್’ ಎಂಬ ಹೆಸರಿದೆ. ಇದರ ಲಕ್ಷಣವೆಂದರೆ ಇದು ಮೆಲ್ಲಮೆಲ್ಲನೆ ಬರುವುದಿಲ್ಲ. ಬ್ರೌಸರಿನಲ್ಲಿ ಹನ್ನೆರಡು ಟ್ಯಾಬ್ ತೆರೆದಾಗ ಸರಿಯಿದ್ದ ಯಂತ್ರ ಹದಿಮೂರನೆಯದಕ್ಕೆ ಕುಸಿದುಬೀಳುತ್ತದೆ. ಮೌಸ್ ಬಾಣ ತಡೆದು ತಡೆದು ಸಾಗುತ್ತದೆ, ಡಿಸ್ಕಿನ ದೀಪ ಆರುವುದೇ ಇಲ್ಲ. ‘ವೈರಸ್ ಬಂದಿರಬೇಕು’ ಎಂದು ಮನೆಮಂದಿ ತೀರ್ಮಾನಿಸುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಬ್ರೌಸರುಗಳಿಗೆ ಹೊಟ್ಟೆ ದೊಡ್ಡದು ಎಂಬುದಕ್ಕೂ ಸಕಾರಣವಿದೆ. 2008ರಲ್ಲಿ ಬಂದ ಕ್ರೋಮ್ ಒಂದು ಟ್ಯಾಬ್ ಕೆಟ್ಟರೆ ಉಳಿದವು ಬದುಕಲಿ ಎಂದು ಅವನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸಲು ಶುರುಮಾಡಿತು. 2018ರಲ್ಲಿ ಭದ್ರತೆಗಾಗಿ ಈ ಗೋಡೆಗಳು ಇನ್ನೂ ಹೆಚ್ಚಿದವು. ಗೋಡೆ ಕಟ್ಟಲು ರ‍್ಯಾಮ್ ಖರ್ಚಾಗುತ್ತದೆ.

ರ‍್ಯಾಮ್ ಕೊರತೆಯನ್ನು ಪುಕ್ಕಟೆ ನೀಗಿಸುತ್ತೇವೆ ಎನ್ನುವ ‘ಬೂಸ್ಟರ್’ಗಳ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. 1995ರಲ್ಲಿ, ರ‍್ಯಾಮ್ ದುಬಾರಿಯಾಗಿದ್ದ ಕಾಲದಲ್ಲಿ, ಅಮೆರಿಕದ ಸಿಂಕ್ರೊನಿಸ್ ಎಂಬ ಕಂಪನಿ ಸಾಫ್ಟ್‌ರ‍್ಯಾಮ್ 95 ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ಬಿಟ್ಟಿತು. ಮೆಮೊರಿಯಲ್ಲಿರುವುದನ್ನು ಒತ್ತಿ ಸಣ್ಣದು ಮಾಡಿ ರ‍್ಯಾಮ್ ಅನ್ನು ದುಪ್ಪಟ್ಟು ಮಾಡುತ್ತೇನೆ ಎಂಬುದು ಅದರ ಭರವಸೆ. ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ತಜ್ಞರು ಬಿಚ್ಚಿ ನೋಡಿದರೆ ವಿಂಡೋಸ್ 95ರಲ್ಲಿ ಅದು ಒತ್ತುವ ಕೆಲಸವನ್ನೇ ಮಾಡುತ್ತಿರಲಿಲ್ಲ. ಪರದೆಯ ಮೇಲೆ ದೊಡ್ಡ ಅಂಕಿ ತೋರಿಸುತ್ತಿತ್ತು, ಅಷ್ಟೆ. 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಸ್ವಾರಸ್ಯವೆಂದರೆ ಆ ಕಲ್ಪನೆಯಲ್ಲಿ ಸುಳ್ಳಿರಲಿಲ್ಲ, ಸರಕಿನಲ್ಲಿತ್ತು. ಮೆಮೊರಿಯನ್ನು ನಿಜವಾಗಿಯೂ ಒತ್ತಿಡುವ ತಂತ್ರವನ್ನು 2013ರಲ್ಲಿ ಆ್ಯಪಲ್, 2015ರಲ್ಲಿ ವಿಂಡೋಸ್ 10 ತಮ್ಮೊಳಗೇ ಸೇರಿಸಿಕೊಂಡವು, ಲಿನಕ್ಸ್‌ನಲ್ಲೂ ಇದೆ. ಅದಕ್ಕಾಗಿ ಯಾರಿಗೂ ಬೇರೆ ದುಡ್ಡು ಕೊಡಬೇಕಿಲ್ಲ. ಇವತ್ತಿನ ‘ರ‍್ಯಾಮ್ ಕ್ಲೀನರ್’ಗಳು ಮಾಡುವುದು ಇನ್ನೊಂದು ಚಮತ್ಕಾರ: ಎಲ್ಲ ಪ್ರೋಗ್ರಾಮ್‌ಗಳ ಪುಟಗಳನ್ನು ಬಲವಂತವಾಗಿ ಹೊರದಬ್ಬಿ, ‘ನೋಡಿ, ಇಷ್ಟು ಖಾಲಿ ಮಾಡಿದೆ’ ಎಂದು ತೋರಿಸುವುದು. ಮರುಕ್ಷಣ ಆ ಪುಟಗಳೆಲ್ಲ ಡಿಸ್ಕಿನಿಂದ ವಾಪಸು ಬರಬೇಕು. ಖಾಲಿ ಕೂತ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ವಿಂಡೋಸ್ ಅದನ್ನು ಹಿಂದೆ ಓದಿದ ಫೈಲುಗಳ ಪ್ರತಿ ಇಟ್ಟುಕೊಳ್ಳಲು ಬಳಸುತ್ತಿರುತ್ತದೆ. ರಿಜಿಸ್ಟ್ರಿ ಕ್ಲೀನರ್‌ಗಳ ಬಗ್ಗೆ ಹೇಳುವಷ್ಟು ಕೂಡ ಇಲ್ಲ. ಅವು ಅಳಿಸುವ ನೂರಾರು ಸಾಲುಗಳಿಂದ ವೇಗ ಹೆಚ್ಚುವುದಿಲ್ಲ, ಅಪ್ಪಿತಪ್ಪಿ ಬೇಕಾದ ಸಾಲು ಅಳಿಸಿದರೆ ಯಂತ್ರ ಏಳುವುದೇ ಇಲ್ಲ.

ಹಾಗಾದರೆ ತನ್ನ ಯಂತ್ರ ಯಾವುದಕ್ಕೆ ಕಾಯುತ್ತಿದೆಯೆಂದು ತಿಳಿಯುವುದು ಹೇಗೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ನಿಧಾನವಾದ ಹೊತ್ತಿನಲ್ಲೇ ತೆರೆಯಬೇಕು, ಸರಿಯಾದ ಮೇಲೆ ತೆರೆದರೆ ಏನೂ ಕಾಣುವುದಿಲ್ಲ. ಸಿಪಿಯು 15 ಪ್ರತಿಶತ, ಡಿಸ್ಕ್ 100 ಪ್ರತಿಶತ ಎಂದಿದ್ದರೆ ಮೇಲೆ ಹೇಳಿದ ಕಥೆಯೇ. ಮೆಮೊರಿ 90 ದಾಟಿ ಡಿಸ್ಕೂ ತುಂಬಿ ಓಡುತ್ತಿದ್ದರೆ ಡೆನ್ನಿಂಗ್ ಹೇಳಿದ ಕಾಯಿಲೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ನಿಮ್ಮ ಡಿಸ್ಕ್ ಯಾವ ಬಗೆಯದು ಎಂಬುದು ಬರೆದಿರುತ್ತದೆ. ಮೆಮೊರಿಗೆ ಇರುವ ಕಿಂಡಿಗಳಲ್ಲಿ ಎಷ್ಟು ತುಂಬಿವೆ ಎಂಬುದೂ. ಪೆಟ್ಟಿಗೆ ಬಿಚ್ಚದೆ, ಯಾರನ್ನೂ ಕರೆಸದೆ ಇಷ್ಟು ಗೊತ್ತಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗುವ ಮೊದಲು ಈ ಎರಡು ಸಾಲನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋದರೆ ಮಾತು ಚಿಕ್ಕದಾಗುತ್ತದೆ, ಬಿಲ್ಲೂ ಚಿಕ್ಕದಾಗಬಹುದು.

ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ಕಂಪ್ಯೂಟರ್ ಜೊತೆಗೇ ಎದ್ದು ಕೂರುವ ಪ್ರೋಗ್ರಾಮ್‌ಗಳ ಪಟ್ಟಿಯಿರುತ್ತದೆ. ಎಂದೋ ಕೊಂಡ ಪ್ರಿಂಟರಿನ ಸಹಾಯಕ, ಯಾರೂ ಬಳಸದ ವಿಡಿಯೊ ಕರೆಯ ಆ್ಯಪ್, ಆಟದ ಅಂಗಡಿ, ಇತ್ಯಾದಿ. ಬೇಡದ್ದನ್ನು ನಿಲ್ಲಿಸಿದರೆ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ. ನೀವು ಕರೆದಾಗ ಮಾತ್ರ ಬರುತ್ತದೆ. ‘ಫಾರ್ಮ್ಯಾಟ್ ಹೊಡೆಸಿದ ಮೇಲೆ ಹೊಸದರಂತಾಯಿತು’ ಎಂಬ ಅನುಭವದ ಹಿಂದಿರುವುದು ಬಹುಮಟ್ಟಿಗೆ ಇದೇ. ಪಟ್ಟಿ ಖಾಲಿಯಾಗಿರುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಎರಡೆರಡು ಆ್ಯಂಟಿವೈರಸ್ ಹಾಕಿಕೊಂಡವರು ಒಂದನ್ನು ತೆಗೆಯಲಿ. ಪ್ರತಿ ಫೈಲನ್ನೂ ಇಬ್ಬರು ತಪಾಸಣೆ ಮಾಡುವುದರಿಂದ ಸಿಗುವ ರಕ್ಷಣೆ ಕಡಿಮೆ, ತಡ ಹೆಚ್ಚು. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ: ವಿಂಡೋಸ್ 8ರಿಂದ ಈಚೆಗೆ, ಬೇಗ ಏಳುವ ಸೌಲಭ್ಯ ಚಾಲ್ತಿಯಲ್ಲಿದ್ದರೆ, ‘ಶಟ್‌ಡೌನ್’ ಕೊಟ್ಟಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮಲಗುತ್ತದೆ. ದಿನವೂ ಆಫ್ ಮಾಡುತ್ತಿದ್ದರೂ ಯಂತ್ರ ತಿಂಗಳುಗಟ್ಟಲೆ ಹೊಸದಾಗಿ ಶುರುವಾಗಿಯೇ ಇರುವುದಿಲ್ಲ. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಅದು ನಿಜವಾಗಿ ಮುಚ್ಚಿ ಏಳುತ್ತದೆ.

ಇಲ್ಲಿಯವರೆಗೆ ಪ್ರೊಸೆಸರ್ ಸುಮ್ಮನಿದ್ದ ಕಥೆ. ಅದೇ ಮೈಗಳ್ಳನಾಗುವ ಸಂದರ್ಭವೂ ಒಂದಿದೆ, ಬಿಸಿ. ಚಿಪ್‌ನ ಒಳಗಿನ ಉಷ್ಣತೆ ತನ್ನ ಮಿತಿಗೆ, ಅನೇಕ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ, ಬಂದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಫ್ಯಾನಿನ ಹಿಂದಿನ ಲೋಹದ ರೆಕ್ಕೆಗಳಲ್ಲಿ ಧೂಳು ಕಂಬಳಿಯಂತೆ ಕಟ್ಟಿಕೊಂಡಿದ್ದರೆ, ಚಿಪ್ ಮತ್ತು ಲೋಹದ ನಡುವೆ ಹಚ್ಚಿದ ಪೇಸ್ಟ್ ಒಣಗಿದ್ದರೆ ಇದು ಬೇಗ ಆಗುತ್ತದೆ. ಕೋಣೆಯ ಉಷ್ಣತೆ ಹೆಚ್ಚಿದಷ್ಟೂ ಚಿಪ್‌ನದೂ ಹೆಚ್ಚುವುದರಿಂದ, ಮೈಸೂರಿನಲ್ಲಿ ಡಿಸೆಂಬರಿನಲ್ಲಿ ಚೆನ್ನಾಗಿದ್ದ ಯಂತ್ರ ರಾಯಚೂರಿನ ಮೇ ತಿಂಗಳಿನಲ್ಲಿ ತೆವಳಬಹುದು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರ್ ಚುಚ್ಚಿದರೂ ವೇಗ ಇಳಿಸುತ್ತವೆ. ಬಿಸಿಯಿಂದಾದ ನಿಧಾನದ ಗುರುತು: ಶುರುವಿನಲ್ಲಿ ಸರಿಯಿದ್ದು, ಹತ್ತಿಪ್ಪತ್ತು ನಿಮಿಷ ಕಳೆದ ಮೇಲೆ ಫ್ಯಾನ್ ಕೂಗುತ್ತ ಕೆಲಸ ಜಡವಾಗುವುದು.

ಒಂದು ನಿಧಾನ ಮಾತ್ರ ಅಪಾಯದ್ದು. ಯಾವುದೋ ಒಂದು ಫೋಲ್ಡರ್ ತೆರೆದಾಗಲೆಲ್ಲ ಯಂತ್ರ ಹಲವು ಸೆಕೆಂಡ್ ಸ್ತಬ್ಧವಾಗುತ್ತಿದ್ದರೆ, ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅದು ಕೆಟ್ಟ ಜಾಗವೊಂದನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಎಂದರ್ಥ. ಆಗ ವೇಗದ ಚಿಂತೆ ಬಿಟ್ಟು, ಡಿಫ್ರ್ಯಾಗ್, ಸ್ಕ್ಯಾನ್ ಏನನ್ನೂ ಓಡಿಸದೆ, ಮುಖ್ಯವಾದ ಫೈಲುಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಫೋಟೊ, ಲೆಕ್ಕಪತ್ರ ಮುಂಚೆ, ಸಿನಿಮಾ ಆಮೇಲೆ.

ಎಲ್ಲ ಸರಿಪಡಿಸಿದರೂ ಉಳಿಯುವ ಒಂದು ನಿಧಾನಕ್ಕೆ ನಮ್ಮ ಯಂತ್ರ ಹೊಣೆಯಲ್ಲ. ಪ್ಯಾಸ್ಕಲ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರ ಒಂದು ಲೇಖನದಲ್ಲಿ, ಯಂತ್ರಾಂಶ ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶ ಜಡವಾಗುತ್ತಿದೆ ಎಂದು ದೂರಿದ್ದರು. ಅದೇ ವರ್ಷ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ರ‍್ಯಾಮ್ ಸಾಕಿತ್ತು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್, ಸಾವಿರ ಪಟ್ಟಿಗೂ ಮೇಲೆ. ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ವಿರ್ತ್ ಅವರಿಗೆ ಜೀವಂತ ಸಾಕ್ಷಿ ಸಿಗುತ್ತಿತ್ತು. ಲಗ್ನಪತ್ರಿಕೆ, ಕರಪತ್ರ ಕೂಡಿಸುವ ಎಷ್ಟೋ ಮಂದಿ ಇವತ್ತಿಗೂ 2001ರ ಪೇಜ್‌ಮೇಕರ್ 7ನ್ನು ಹಳೆಯ ಯಂತ್ರದಲ್ಲಿ ಓಡಿಸುತ್ತಾರೆ. ಕೈ ಒತ್ತಿದೊಡನೆ ಅಕ್ಷರ ಮೂಡುತ್ತದೆ, ಕಾಯುವ ಮಾತೇ ಇಲ್ಲ. ಆ ಯಂತ್ರ ಹಳೆಯದಾದರೂ ಅದಕ್ಕೆ ಹೊರಿಸಿದ ಹೊರೆಯೂ ಅಷ್ಟೇ ಹಳೆಯದು. ಅದನ್ನು ಇಂಟರ್‌ನೆಟ್‌ಗೆ ಜೋಡಿಸಿ ಇಂದಿನ ಬ್ರೌಸರ್ ತೆರೆದರೆ ಮಾತ್ರ ಎಲ್ಲರ ಯಂತ್ರದಂತಾಗುತ್ತದೆ. ಹಾಗಂತ ಹೊಸ ಹೊರೆಯೆಲ್ಲ ವ್ಯರ್ಥ ಎನ್ನುವುದು ಅನ್ಯಾಯ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಪ್ರೊಸೆಸರ್‌ಗಳ ವಿನ್ಯಾಸದಲ್ಲೇ ಇರುವುದು ಬಹಿರಂಗವಾದಾಗ, ತೇಪೆ ಹಾಕಿದ ಹಳೆಯ ಯಂತ್ರಗಳು ಕೆಲವು ಕೆಲಸಗಳಲ್ಲಿ ನಿಜಕ್ಕೂ ನಿಧಾನವಾದವು. ಅಲ್ಲಿ ಕೊಟ್ಟ ವೇಗ ಭದ್ರತೆಯ ಬೆಲೆ.

ಭದ್ರತೆಯ ಪ್ರಶ್ನೆ ಈಗ ಹಳೆಯ ಯಂತ್ರಗಳ ಬಾಗಿಲಿಗೇ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರಿನಿಂದ ಮುಂದಿನವನ್ನಷ್ಟೇ ಒಪ್ಪುತ್ತದೆ. ಎಸ್‌ಎಸ್‌ಡಿ, 8 ಜಿ.ಬಿ. ರ‍್ಯಾಮ್ ಹಾಕಿದರೆ ಇನ್ನೂ ನಾಲ್ಕೈದು ವರ್ಷ ದುಡಿಯಬಲ್ಲ ಎಷ್ಟೋ ಯಂತ್ರಗಳು ಈ ಗೆರೆಯ ಆಚೆ ಉಳಿದಿವೆ. ಅವುಗಳಿಗೆ ಲಿನಕ್ಸ್ ಮಿಂಟ್ ಅಥವಾ ಲುಬುಂಟುವಿನಂಥ ಹಗುರ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ಕನ್ನಡ ಟೈಪ್ ಮಾಡಲು ಕ.ಗ.ಪ. ವಿನ್ಯಾಸ ಅಲ್ಲಿಯೂ ಇದೆ, ಯೂನಿಕೋಡ್ ಅಕ್ಷರಗಳು ತೊಡಕಿಲ್ಲದೆ ಮೂಡುತ್ತವೆ. ತೊಡಕು ಇರುವುದು ಹಳೆಯ ದಾಸ್ತಾನಿನಲ್ಲಿ: ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟ ಕಡತಗಳು ಯೂನಿಕೋಡ್‌ಗೆ ಪರಿವರ್ತನೆಯಾಗಬೇಕು. ಕಚೇರಿಯ ಟೆಂಡರ್, ತೆರಿಗೆ ಕೆಲಸಕ್ಕೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್‌ಗೆ ಅಲ್ಲಿ ಡ್ರೈವರ್ ಸಿಗುತ್ತದೆಯೇ ನೋಡಬೇಕು, ಹಳೆಯ ಪ್ರಿಂಟರ್, ಸ್ಕ್ಯಾನರ್‌ಗೂ ಹಾಗೆಯೇ. ಇದನ್ನು ಪರೀಕ್ಷಿಸಲು ಡಿಸ್ಕನ್ನು ಮುಟ್ಟಬೇಕಿಲ್ಲ. ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿ ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಂದು ದಿನ ಎಲ್ಲ ಸಲಕರಣೆ ಜೋಡಿಸಿ ನೋಡಬಹುದು. ಹಾಗೆ ನೋಡುವಾಗ ವೇಗದ ತೀರ್ಪು ಕೊಡಬೇಡಿ. ಅಲ್ಲಿ ಕಾಣುವ ನಿಧಾನ ಪೆನ್‌ಡ್ರೈವಿನದು.